ತಾರಾಕ್ಷಿ ಕಂಪನಿಯನ್ನು ವಿಚಾರಿಸಿದ್ದು

ಆ ಹೆಸರು ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಕಾಣುತ್ತದೆಂದು ವಿಸ್ಮಿತಾ ಎಣಿಸಿರಲಿಲ್ಲ. ಮೂಡುಬಿದಿರೆಯ ಕಾಲೇಜಿನ ಗ್ರಂಥಾಲಯದಲ್ಲಿ ಶನಿವಾರ ಬೆಳಿಗ್ಗೆ ಹತ್ತು ಗಂಟೆಗೆ ಕಿಟಕಿಗಳಿಗೆಲ್ಲ ಪರದೆ ಎಳೆದು, ಬಿ.ಕಾಂ. ಕೊನೆಯ ವರ್ಷದ ನಲವತ್ತು ಮಂದಿಯನ್ನು ಕೂರಿಸಿ, ಸಂದರ್ಶನಕ್ಕೆ ಹೋಗುವ ಮೊದಲು ಒಂದು ಕಂಪನಿಯ ಬಗ್ಗೆ ತಿಳಿದುಕೊಳ್ಳುವುದು ಹೇಗೆ ಎಂದು ತೋರಿಸಬೇಕು ಅಂತ ವಾಣಿಜ್ಯ ವಿಭಾಗದ ಶಿವಸುಬ್ರಹ್ಮಣ್ಯ ಸರ್ ಅವಳಿಗೆ ಹೇಳಿದ್ದರು. ಅವಳು ಗ್ರಂಥಾಲಯ ಸಹಾಯಕಿ. ಎರಡು ದಿನ ಕೂತು ತಯಾರಿ ಮಾಡಿದ್ದಳು. ಮೊದಲು ಕಂಪನಿ ತನ್ನ ಬಗ್ಗೆ ತಾನೇ ಏನು ಹೇಳಿಕೊಳ್ಳುತ್ತದೆ ಎಂದು ಅದರ ಜಾಲತಾಣದಲ್ಲಿ ನೋಡುವುದು, ಆದರೆ ಅಲ್ಲಿಗೇ ನಿಲ್ಲಿಸದಿರುವುದು. ಆಮೇಲೆ ಸರಕಾರದ ಕಂಪನಿ ನೋಂದಣಿಯ ತಾಣ. ಆಮೇಲೆ ನಮ್ಮ ಕಪಾಟಿನ ಡೈರೆಕ್ಟರಿಗಳು, ಕಟ್ಟಿಟ್ಟ ಪತ್ರಿಕೆಗಳು. ಕೋರ್ಟಿನ ತಾಣ, ಭೂಪಟ. ಉದಾಹರಣೆಗೆಂದು ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಕಂಪನಿಯನ್ನು ಬರೆದಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಮುಂದಿನ ಸಾಲಿನ ಮುರ್ಶಿದಾ ಕೈ ಎತ್ತಿದಳು. "ದೊಡ್ಡದು ಬೇಡ ಮೇಡಂ. ದೊಡ್ಡದರ ವಿಷಯ ಎಲ್ಲರಿಗೂ ಗೊತ್ತುಂಟು. ಸಣ್ಣದು ಒಂದು ಹಾಕಿ. ನಮಗೆಲ್ಲ ಸಿಗುವುದು ಹೇಗೂ ಸಣ್ಣದೇ." ಎಲ್ಲರೂ ನಕ್ಕರು. ವಿಸ್ಮಿತಾಳೂ ನಕ್ಕಳು, ನಗುತ್ತಲೇ ಅವಳ ಬೆರಳು ತಾರಾಕ್ಷಿ ಸ್ಕಿಲ್ ಸರ್ವಿಸಸ್ ಎಂದು ಒತ್ತಿತು. ಮೂರು ವಾರದಿಂದ ಅವಳೊಳಗೆ ಇದ್ದ ಸಣ್ಣ ಕಂಪನಿಯ ಹೆಸರು ಅದೊಂದೇ.

ಸರಕಾರದ ನೋಂದಣಿ ತಾಣದಲ್ಲಿ ಚಿತ್ರದೊಳಗಿನ ಸೊಟ್ಟ ಅಕ್ಷರಗಳನ್ನು ನೋಡಿ ಬರೆಯಬೇಕಿತ್ತು, ಮೊದಲ ಸಲ ತಪ್ಪಾಯಿತು, ಎರಡನೆಯ ಸಲ ಒಪ್ಪಿಕೊಂಡಿತು. ಒಂದು ಪಟ್ಟಿ ಮೆಲ್ಲ ಮೆಲ್ಲ ಇಳಿದು ಬಂತು. ಹುಟ್ಟಿದ ದಿನ, ನಿರ್ದೇಶಕರ ಹೆಸರು ಎರಡು, ಕೊನೆಯ ಮಹಾಸಭೆ ನಡೆದದ್ದು ಆರು ವರ್ಷದ ಹಿಂದೆ. ಅದರ ಕೆಳಗೆ ಸ್ಥಿತಿ ಎಂಬಲ್ಲಿ ಎರಡೇ ಶಬ್ದ, ಪಕ್ಕದಲ್ಲಿ ಒಂದು ತಾರೀಕು. ಅವಳು ಓದುವ ಮೊದಲೇ ಹಿಂದಿನ ಬೆಂಚಿನಿಂದ ಶಿಶಿರ್ ಓದಿಬಿಟ್ಟ. "ಸ್ಟ್ರೈಕ್ ಆಫ್. ಮೇಡಂ, ಇದು ತೀರಿಹೋಗಿದೆ!" ಇನ್ನೊಬ್ಬ ಹೇಳಿದ, "ತೀರಿಹೋಗಿ ಎರಡು ವರ್ಷ ಆಯ್ತು ಮಾರಾಯ, ತಿಥಿ ಊಟವೂ ಎರಡು ಮುಗಿದಿರಬೇಕು." ನಗೆ ಗೋಡೆಯಿಂದ ಗೋಡೆಗೆ ಹೋಗಿ ಬಂತು. ಶಿವಸುಬ್ರಹ್ಮಣ್ಯ ಸರ್ ಎದ್ದು ನಿಂತು ನಿಧಾನವಾಗಿ, ಪುಸ್ತಕ ಓದಿದ ಹಾಗೆ ವಿವರಿಸಿದರು: ವರ್ಷಗಟ್ಟಲೆ ವ್ಯವಹಾರ ಇಲ್ಲದ, ವರದಿ ಸಲ್ಲಿಸದ ಕಂಪನಿಯ ಹೆಸರನ್ನು ಸರಕಾರ ದಾಖಲೆಯಿಂದ ತೆಗೆದುಹಾಕುತ್ತದೆ, ಆಮೇಲೆ ಕಾನೂನಿನ ಕಣ್ಣಿಗೆ ಆ ಕಂಪನಿ ಇಲ್ಲ, ಇಲ್ಲದ ಕಂಪನಿಗೆ ಯಾರಿಗೂ ಕೆಲಸ ಕೊಡಲಿಕ್ಕೆ ಆಗುವುದಿಲ್ಲ. "ಇದರ ಜಾಲತಾಣ ಮಾತ್ರ ಇನ್ನೂ ಜೀವಂತ ಉಂಟು ನೋಡಿ. ಗಾಜಿನ ಕಟ್ಟಡ, ಟೈ ಕಟ್ಟಿದ ಜನ. ಎಂಥ ಉದಾಹರಣೆ ಹುಡುಕಿ ತಂದಿದ್ದಾರೆ ವಿಸ್ಮಿತಾ! ಇದಕ್ಕೆ ಹೇಳುವುದು ತಯಾರಿ ಅಂತ." ಮಕ್ಕಳು ಚಪ್ಪಾಳೆ ತಟ್ಟಿದರು. ಅವಳು ಮೌಸ್ ಹಿಡಿದುಕೊಂಡು ನಿಂತಿದ್ದಳು. ಇಲ್ಲ ಸರ್, ನಾನು ಇದನ್ನು ಈಗಲೇ ನೋಡುವುದು ಎಂದು ಹೇಳಲು ಒಂದು ಕ್ಷಣವಿತ್ತು. ಆ ಕ್ಷಣದಲ್ಲಿ ಅವಳು "ಥ್ಯಾಂಕ್ಯೂ ಸರ್" ಎಂದಳು.

ಅಷ್ಟಕ್ಕೇ ಮುಗಿಯಲಿಲ್ಲ. ನೋಂದಾಯಿತ ಕಚೇರಿ ಎಂಬಲ್ಲಿ ಬರೆದಿತ್ತು: ಹಿಟ್ಟಿನ ಗಿರಣಿಯ ಮೇಲಿನ ಕೋಣೆ, ನರಿಕೊಂಬು, ಬಂಟ್ವಾಳ ತಾಲೂಕು. "ಮೇಡಂ ನಿಮ್ಮ ಊರೇ!" ಎಂದಳು ಮುರ್ಶಿದಾ, ಮತ್ತೆ ಉತ್ಸಾಹದಿಂದ ಎದ್ದು ಹೋಗಿ, ಪರದೆಯಲ್ಲಿದ್ದ ತಾರೀಕಿನ ಅಂದಾಜು ಹಿಡಿದು, ಕಪಾಟಿನಿಂದ ಎರಡು ವರ್ಷ ಹಿಂದಿನ ಪತ್ರಿಕೆಯ ಕಟ್ಟನ್ನು ಹೊತ್ತು ತಂದಳು. ಹತ್ತು ನಿಮಿಷದಲ್ಲಿ ನಾಲ್ಕು ತಲೆಗಳು ಅದರ ಮೇಲೆ ಬಗ್ಗಿದ್ದವು. ಸಿಕ್ಕಿತು. ತೆಗೆದುಹಾಕಲಿರುವ ಕಂಪನಿಗಳ ಪ್ರಕಟಣೆ, ಇರುವೆಯ ಸಾಲಿನಂಥ ಅಕ್ಷರ, ಎರಡನೆಯ ಕಂಬಸಾಲಿನ ಮಧ್ಯದಲ್ಲಿ ತಾರಾಕ್ಷಿ. ಆ ಕಟ್ಟಿನ ಹುರಿಯ ಗಂಟು ವಿಸ್ಮಿತಾಳದ್ದೇ. ಎರಡು ಸುತ್ತು ಸುತ್ತಿ, ತುದಿಯನ್ನು ಒಳಗೆ ತೂರಿಸುವ ಗಂಟು, ಅಜ್ಜಿ ಮಲ್ಲಿಗೆಯ ಚೆಂಡಿಗೆ ಹಾಕುತ್ತಿದ್ದದ್ದು. ಹೆಸರು ತನ್ನ ಕೈಯ ಕೆಳಗೇ ಹಾದು ಹೋಗಿತ್ತು. ಅವತ್ತೂ ತಾನು ಕಿಟಕಿಯ ಆಚೆ ಏನನ್ನೋ ನೋಡುತ್ತ ಕಟ್ಟಿರಬೇಕು.

ದಮಯಂತಿ ಮೂರು ವಾರದ ಹಿಂದೆ ಕೇಳಿದ್ದು ಕಸಬರಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಕಪಾಟುಗಳ ನಡುವೆ ನಿಂತು. ಗ್ರಂಥಾಲಯ ಗುಡಿಸುವವಳು ದಮಯಂತಿ. ವೇಣೂರಿನಿಂದ ಏಳೂಕಾಲರ ಬಸ್ಸಿಗೆ ಬರುತ್ತಾಳೆ. ಎಲ್ಲರೂ ವಿಸ್ಮಿತಾಳನ್ನು ಮೇಡಂ ಎಂದರೆ ಅವಳೊಬ್ಬಳು ಟೀಚರ್ ಎನ್ನುತ್ತಾಳೆ, ನಾನು ಟೀಚರಲ್ಲ ಎಂದು ವಿಸ್ಮಿತಾ ಒಮ್ಮೆಯೂ ತಿದ್ದಲಿಲ್ಲ. "ಟೀಚರ್, ಒಂದು ಉಪಕಾರ ಆಗಬೇಕಿತ್ತು. ನಮ್ಮ ಮಗಳು ಭವ್ಯಶ್ರೀಗೆ ಮೈಸೂರಿನಲ್ಲಿ ತಾರಾಕ್ಷಿ ಅಂತ ಒಂದು ಕಂಪನಿಯವರು ಕೆಲಸ ಕೊಡ್ತಾರಂತೆ. ಕೋಆರ್ಡಿನೇಟರ್ ಅಂತ. ಈಗ ಬೆಳ್ತಂಗಡಿಯ ಶಾಲೆಯಲ್ಲಿ ಗಣಿತ ಮಾಡ್ತಾ ಇದ್ದಾಳಲ್ಲ, ಅದನ್ನು ಬಿಡುವುದಾ ಬೇಡವಾ ಅಂತ. ಹುಡುಗಿಯನ್ನು ಕೊಡುವಾಗ ಮನೆ ಹೇಗೆ ಅಂತ ನಾಲ್ಕು ಜನರ ಹತ್ತಿರ ವಿಚಾರಿಸ್ತೇವೆ. ಕಂಪನಿಯನ್ನು ಯಾರ ಹತ್ತಿರ ವಿಚಾರಿಸುವುದು? ನೀವು ಕಂಪ್ಯೂಟರಿನಲ್ಲಿ ನೋಡಿ ಹೇಳಿದರೆ ಆಯ್ತು." ವಿಸ್ಮಿತಾ ಅಲ್ಲೇ ಹೆಸರು ಒತ್ತಿದಳು. ಜಾಲತಾಣ ತೆರೆಯಿತು, ಗಾಜಿನ ಕಟ್ಟಡದ ಮೇಲೆ ಸಂಜೆಯ ಬಣ್ಣ. "ಒಳ್ಳೆ ದೊಡ್ಡ ಕಟ್ಟಡ ಉಂಟು," ಎಂದಳು. "ಅಂದಾ?" ಎಂದಳು ದಮಯಂತಿ.

ಅಷ್ಟೇ ಸಾಕಾಯಿತೇ ಎಂದು ಈಗ ಅನ್ನಿಸುತ್ತದೆ. ಅಜ್ಜಿಯ ಕತೆ ಹಾಗೆಯೇ ನಡೆಯುತ್ತಿತ್ತು. ಕೇಳುವ ಮಗು ಒಂದೊಂದು ಮಾತಿಗೂ 'ಅಂದ್' ಎನ್ನಬೇಕು, ತುಳುವಿನ ಹೌದು. ಹಾಗೆ ಅನ್ನದಿದ್ದರೆ ಅಜ್ಜಿ ಅಲ್ಲಿಗೇ ನಿಲ್ಲಿಸಿ ಎಲೆಗೆ ಸುಣ್ಣ ಹಚ್ಚಲು ತೊಡಗುತ್ತಾಳೆ, ರಾಜಕುಮಾರಿ ಅರ್ಧ ಏರಿದ ಮರದಲ್ಲೇ ಉಳಿಯುತ್ತಾಳೆ. 'ಅಂದ್' ಎಂದರೆ ಸಾಕು, ಅಜ್ಜಿಯ ಬಾಯಿಯಿಂದ ಮೊದಲು ಇಲ್ಲದ್ದೆಲ್ಲ ಬರುತ್ತಿತ್ತು, ನಿನ್ನೆ ಮೂರು ಬಾಗಿಲಿದ್ದ ಅರಮನೆಗೆ ಇವತ್ತು ಏಳು. ಅದನ್ನು ಸುಳ್ಳು ಎಂದು ಯಾರೂ ಹೇಳಲಿಲ್ಲ. ಕೇಳುವವರ ಕಣ್ಣು ಹಿಗ್ಗಿದಷ್ಟು ಬಾಗಿಲು. ಆ ಬೆಳಿಗ್ಗೆ ದಮಯಂತಿಯ ಕಣ್ಣು ಹಾಗೆ ಹಿಗ್ಗಿತ್ತು. ಏಳು ಮಾಳಿಗೆ ಎಂದಳು ವಿಸ್ಮಿತಾ. ಅಂದಾ? ಇಪ್ಪತ್ತು ವರ್ಷ ಹಳೆಯ ಕಂಪನಿ. ಅಂದಾ? ಮೈಸೂರಲ್ಲದೆ ಇನ್ನೂ ನಾಲ್ಕು ಕಡೆ ಉಂಟು, ಹುಡುಗಿಯರಿಗೆ ಬೇರೆ ಹಾಸ್ಟೆಲ್ ಉಂಟು, ವಾರ್ಡನ್ ನಮ್ಮ ಕಡೆಯವರಂತೆ. ಯಾವುದೂ ಪರದೆಯಲ್ಲಿರಲಿಲ್ಲ. ತಾನು ಮೋಸ ಮಾಡುತ್ತಿದ್ದೇನೆಂದು ಅನ್ನಿಸಲೂ ಇಲ್ಲ. ಬೆಚ್ಚಗೆ ಅನ್ನಿಸಿತ್ತು, ಮೊದಲ ಬಾರಿಗೆ ಯಾರೋ ತನ್ನೆದುರು ಮಗುವಾಗಿ ನಿಂತ ಹಾಗೆ. ದಮಯಂತಿ ಕಸಬರಿಕೆಯನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರಸಿಕೊಂಡು, "ನೀವು ಹೇಳಿದ ಮೇಲೆ ಇನ್ನೇನು ಟೀಚರ್," ಎಂದಳು. ಮರುದಿನವೇ ಭವ್ಯಶ್ರೀ ಶಾಲೆಗೆ ರಾಜೀನಾಮೆ ಕೊಟ್ಟಳು.

ಈಗ ಉಳಿದಿದ್ದದ್ದು ಅಸಲು ಪ್ರಮಾಣಪತ್ರಗಳು. ಎಸ್ಸೆಸ್ಸೆಲ್ಸಿಯಿಂದ ಬಿ.ಎಡ್.ವರೆಗೆ ಎಲ್ಲವನ್ನೂ ಕಂಪನಿಯ ಜನ ಸೋಮವಾರ ಗುರುವಾಯನಕೆರೆಗೆ ಬಂದು ತೆಗೆದುಕೊಂಡು ಹೋಗುವುದೆಂದು, ಎರಡು ವರ್ಷ ಅವರ ಹತ್ತಿರವೇ ಇರುತ್ತದೆಂದು ದಮಯಂತಿ ಮೊನ್ನೆ ಹೇಳಿದ್ದಳು, ಹೇಳಿ ಮಗಳ ಪೆಟ್ಟಿಗೆ ಕಟ್ಟಲು ಎರಡು ದಿನ ರಜೆ ಹಾಕಿದ್ದಳು. ಆಗಲಾದರೂ ವಿಸ್ಮಿತಾಳಿಗೆ ಸಂಶಯ ಬರಬೇಕಿತ್ತು. ಬಂದಿತ್ತೋ ಏನೋ. ಬಂದದ್ದನ್ನು ತಾನೇ ಕಟ್ಟಿದ ಏಳು ಮಾಳಿಗೆಯ ಮೇಲೆ ಕೂತು ನೋಡಿ ಸುಮ್ಮನಾಗಿದ್ದಳು.

ಮಕ್ಕಳು ಹೋದ ಮೇಲೆ ದಮಯಂತಿಗೆ ಫೋನು ಹಚ್ಚಿದಳು. ಅತ್ತ ಎರಡು ಸಲ ರಿಂಗಾಯಿತು, ಮೂರನೆಯದಕ್ಕೆ ಇವಳೇ ಕತ್ತರಿಸಿದಳು. ಮುಖ ನೋಡಿ ಹೇಳಬೇಕಾದ ಮಾತು ಎಂದು ತನಗೆ ತಾನೇ ಹೇಳಿಕೊಂಡಳು. ನಿಜವೆಂದರೆ ವೇಣೂರು ಮುಟ್ಟುವವರೆಗಿನ ಸಮಯ ಅವಳಿಗೆ ಬೇಕಿತ್ತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ನಿರ್ವಾಹಕ ಬಾಗಿಲಲ್ಲಿ ನೇತಾಡುತ್ತ ಹೊಸಂಗಡಿ, ವೇಣೂರು, ಬೆಳ್ತಂಗಡಿ ಎಂದು ಕೂಗುತ್ತಿದ್ದ. ಪೆರಿಂಜೆ ದಾಟುವಾಗ ಅವಳು ನರಿಕೊಂಬಿಗೆ, ಅಮ್ಮನಿಗೆ ಫೋನು ಮಾಡಿದಳು. "ಅಮ್ಮಾ, ನಮ್ಮೂರಿನ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯಲ್ಲಿ ಏನುಂಟು ಈಗ?" "ಅಲ್ಲಿಯಾ? ಗೋಣಿ ಉಂಟು. ಯಾಕೆ?" "ಮೊದಲು ಕಂಪನಿ ಅಂತ ಇತ್ತಾ?" "ಹೌದು, ಯಾವನೋ ಒಬ್ಬ ಬೋರ್ಡು ಹಾಕಿದ್ದ. ನಾಲ್ಕು ತಿಂಗಳು ಬಾಡಿಗೆ ಕೊಟ್ಟು ಓಡಿಹೋದ. ಆ ಬೋರ್ಡನ್ನು ಗಿರಣಿಯ ಮಾಯಿಲಪ್ಪ ಕೋಳಿಗೂಡಿನ ಮಾಡಿಗೆ ಹೊದೆಸಿದ್ದಾನೆ. ಯಾಕೆ ಕೇಳುವುದು ನೀನು, ಯಾರದ್ದಾದರೂ ಸಂಬಂಧವಾ? ಹುಡುಗ ಅವನಾದರೆ ಬೇಡ ಅಂತ ಹೇಳು." ಇಡೀ ವಿಚಾರಣೆಗೆ ಒಂದು ನಿಮಿಷ ಹಿಡಿಯಲಿಲ್ಲ. ಮೂರು ವಾರದ ಹಿಂದೆ ಒಂದು ವಿಳಾಸ ನೋಡಿದ್ದರೆ, ಒಂದು ಫೋನು ಮಾಡಿದ್ದರೆ. ಕಿಟಕಿಯ ಆಚೆ ಗದ್ದೆ, ತೋಡು, ಒಂದು ಬಸದಿಯ ಕಲ್ಲಿನ ಮೆಟ್ಟಿಲು ಹಿಂದೆ ಹಿಂದೆ ಹೋದವು. ಗಿರಣಿಗೆ ಅಕ್ಕಿ ಹೊತ್ತುಕೊಂಡು ಅಜ್ಜಿಯೊಂದಿಗೆ ಹೋಗುತ್ತಿದ್ದಾಗ ಆ ಮೇಲಿನ ಕೋಣೆಯಲ್ಲಿ ಏನಿರುತ್ತದೆಂದು ಕೇಳಿದರೆ ಅಜ್ಜಿ ಒಂದೊಂದು ದಿನ ಒಂದೊಂದು ಹೇಳುತ್ತಿದ್ದಳು. ಆದರೆ ಅಜ್ಜಿಯ ಮಾತನ್ನು ನಂಬಿ ಯಾರೂ ಕೆಲಸ ಬಿಟ್ಟಿರಲಿಲ್ಲ. ತಪ್ಪನ್ನು ಅಜ್ಜಿಯ ಮೇಲೆ ಹಾಕಬೇಡ ಎಂದು ಅವಳು ತನ್ನನ್ನೇ ಗದರಿದಳು.

ಹೇಳಬೇಕಾದದ್ದನ್ನು ಜೋಡಿಸಿದಳು. ಕಂಪನಿ ಈಗ ಮುಚ್ಚಿದೆಯಂತೆ, ಇವತ್ತೇ ಗೊತ್ತಾಯಿತು. ಇವತ್ತೇ ಗೊತ್ತಾಯಿತು ಎನ್ನುವುದು ಸುಳ್ಳಲ್ಲ. ಈಗ ಎನ್ನುವುದನ್ನು ಸ್ವಲ್ಪ ಮೆಲ್ಲಗೆ ಹೇಳಿದರಾಯಿತು. ಹೊಸಂಗಡಿಯಲ್ಲಿ ಹತ್ತಿದ ಒಬ್ಬಳು ಮುದುಕಿ ತನ್ನ ಚೀಲವನ್ನು ಕೇಳದೆಯೇ ವಿಸ್ಮಿತಾಳ ತೊಡೆಯ ಮೇಲೆ ಇಟ್ಟಳು, ಒಳಗೆ ಏನೋ ಒದ್ದೆಯಾಗಿತ್ತು, ಚೂಡಿದಾರಕ್ಕೆ ಇಳಿಯುತ್ತಿತ್ತು. ಆಗಲಿ, ಒದ್ದೆಯಾಗಲಿ ಎಂದು ಕೂತಳು, ಇದಾದರೂ ಒಂದು ಶಿಕ್ಷೆ ಎನ್ನುವಂತೆ. ಆಮೇಲೆ ಅಷ್ಟು ಅಗ್ಗದಲ್ಲಿ ಮುಗಿಸಲು ನೋಡಿದ್ದಕ್ಕೆ ಇನ್ನೂ ನಾಚಿಕೆಯಾಯಿತು.

ದಮಯಂತಿಯ ಮನೆ ಪೇಟೆಯಿಂದ ಫಲ್ಗುಣಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ, ಐದು ಸೆಂಟ್ಸಿನ ಜಾಗದಲ್ಲಿ. ಜಗಲಿಯಲ್ಲಿ ಅವಳ ಗಂಡ ಹುಕ್ರಪ್ಪ ಚಾಪೆ ಹಾಸಿ ಪ್ರಮಾಣಪತ್ರಗಳನ್ನು ಒಂದರ ಪಕ್ಕ ಒಂದು ಹರಡಿಕೊಂಡು ಕೂತಿದ್ದ. ರಬ್ಬರ್ ಟ್ಯಾಪಿಂಗ್ ಮಾಡುವ ಕೈ, ಬೆರಳ ತುದಿಗಳಲ್ಲಿ ಹಾಲು ಒಣಗಿ ಕಪ್ಪಾಗಿತ್ತು. ಕಾಗದಕ್ಕೆ ಕಲೆಯಾಗದಿರಲೆಂದು ಅಂಗೈಯ ಬದಿಯಿಂದ ಸರಿಸುತ್ತಿದ್ದ. "ಹೋ, ಬಂದ್ರಾ ನಮ್ಮ ಕಂಪ್ಯೂಟರ್ ಟೀಚರ್! ಬನ್ನಿ ಬನ್ನಿ. ಇದಾ ದಮಯಂತೀ, ನೀನು ಮೂರು ವಾರದಿಂದ ಹಾಡುವ ಟೀಚರ್ ಬಂದಿದ್ದಾರೆ. ನೋಡಿ ಟೀಚರ್, ಇದೊಂದು ಎಂಟನೆಯದ್ದೂ ಬೇಕಾದೀತಾ? ಸ್ಲೋ ಸೈಕಲ್ ರೇಸಿನಲ್ಲಿ ದ್ವಿತೀಯ." "ಅದನ್ನು ಯಾಕೆ ತೆಗೆದದ್ದು ಅಪ್ಪ, ನಿಮಗೆ ಮರುಳಾ?" ಎನ್ನುತ್ತ ಭವ್ಯಶ್ರೀ ಒಳಗಿನಿಂದ ಬಂದಳು. ತೆಳ್ಳಗಿನ, ನೇರ ನೋಡುವ ಹುಡುಗಿ. ದಮಯಂತಿ ಬೆಲ್ಲ, ನೀರು ತಂದಿಟ್ಟಳು. ಬಾಗಿಲ ಹಿಂದೆ ಹೊಸ ಪೆಟ್ಟಿಗೆ ಬಾಯಿ ತೆರೆದುಕೊಂಡಿತ್ತು.

ವಿಸ್ಮಿತಾ ನೀರು ಕುಡಿದಳು. ಬೆಲ್ಲ ಮುಟ್ಟಲಿಲ್ಲ. "ಪ್ರಮಾಣಪತ್ರ ಕೊಡಬೇಡಿ," ಎಂದಳು. "ಆ ಕಂಪನಿ ಈಗ... ಮುಚ್ಚಿದೆ. ಇವತ್ತು ಗೊತ್ತಾಯ್ತು. ಮೈಸೂರಿಗೆ ಹೋಗುವುದು ಬೇಡ."

ಹುಕ್ರಪ್ಪ ಒಂದು ಕಾಗದದ ಮೇಲೆ ಅಂಗೈ ಇಟ್ಟು ಹಾಗೇ ಕೂತ. ಬೈಗುಳಕ್ಕೆ ವಿಸ್ಮಿತಾ ಸಿದ್ಧಳಾಗಿದ್ದಳು, ಅದು ಬರಲಿಲ್ಲ. ದಮಯಂತಿ ಎದ್ದು ಬಂದು ಅವಳ ಎರಡೂ ಕೈ ಹಿಡಿದುಕೊಂಡಳು. "ದೇವರೇ, ಬಚಾವ್ ಮಾಡಿದಿರಿ ಟೀಚರ್. ನೀವು ಎರಡನೇ ಸಲ ನೋಡದಿದ್ದರೆ? ಯಾರು ನೋಡ್ತಾರೆ ಎರಡನೇ ಸಲ ಬೇರೆಯವರ ಮಕ್ಕಳಿಗೆ? ಅದೂ ಬಸ್ಸು ಹತ್ತಿ ಬಂದು ಹೇಳುವುದು!" "ಊಟ ಮಾಡಿಯೇ ಹೋಗಬೇಕು," ಎಂದ ಹುಕ್ರಪ್ಪ. ಬೆಳಿಗ್ಗೆಯ ಚಪ್ಪಾಳೆ ಮತ್ತೆ ಕಿವಿಯಲ್ಲಿ ಹುಟ್ಟಿತು. ಆ ಒರಟು ಕೈಗಳ ಒಳಗೆ ತನ್ನ ಕೈ ಬೆವರುತ್ತಿತ್ತು, ಬಿಡಿಸಿಕೊಳ್ಳಬೇಕೆನ್ನಿಸಿತು, ಬಿಡಿಸಿಕೊಳ್ಳಲಿಲ್ಲ. ಇಷ್ಟಕ್ಕೇ ಆಗಿಹೋಗಲಿ, ಪ್ರಮಾಣಪತ್ರ ಉಳಿಯಿತಲ್ಲ, ಇನ್ನು ಉಳಿದದ್ದು ಇವರಿಗೆ ಯಾಕೆ ಗೊತ್ತಾಗಬೇಕು ಎಂದು ತನ್ನೊಳಗೇ ಯಾರೋ ಬಹಳ ಸಮಾಧಾನದ ದನಿಯಲ್ಲಿ ಹೇಳುತ್ತಿದ್ದರು.

"ಎಲ್ಲಿ ನೋಡುವುದು ಅದು?" ಭವ್ಯಶ್ರೀ ಕೇಳಿದಳು. ಅಳುತ್ತಿರಲಿಲ್ಲ. ಮೊಬೈಲ್ ತಂದು ಚಾಪೆಯ ತುದಿಯಲ್ಲಿ ಕೂತಳು. "ನನಗೂ ತೋರಿಸಿ. ಇನ್ನೊಂದು ಸಲ ನಾನೇ ನೋಡ್ತೇನೆ, ಯಾರಿಗೂ ತೊಂದರೆ ಕೊಡುವುದು ಬೇಡ."

ವಿಸ್ಮಿತಾ ಹೇಳುತ್ತ ಹೋದಳು, ಭವ್ಯಶ್ರೀ ಒತ್ತುತ್ತ ಹೋದಳು. ಈ ತಾಣ. ಇಲ್ಲಿ ಹೆಸರು. ಪೂರ್ತಿ ಹೆಸರು ಹಾಕಬೇಕು. ಸೊಟ್ಟ ಅಕ್ಷರಗಳನ್ನು ಭವ್ಯಶ್ರೀ ಮೊದಲ ಸಲವೇ ಸರಿಯಾಗಿ ಬರೆದಳು. ನಿಧಾನ ನೆಟ್‌ವರ್ಕು, ಒಂದು ಸಣ್ಣ ಚಕ್ರ ಪರದೆಯ ಮೇಲೆ ಸುತ್ತಿತು, ಸುತ್ತಿತು. ವಿಸ್ಮಿತಾ ಅದು ನಿಲ್ಲದಿರಲಿ ಎಂದು ಬೇಡಿಕೊಂಡಳು. ಪಟ್ಟಿ ಬಂತು. ಗಣಿತ ಕಲಿಸುವವಳ ಕಣ್ಣು, ಅಕ್ಷರಗಳನ್ನು ಬಿಟ್ಟು ನೇರ ಅಂಕೆಗೆ ಹೋಯಿತು.

"ಇದು ಎರಡು ವರ್ಷದ ಹಿಂದಿನ ತಾರೀಕು," ಎಂದಳು.

"ಹೌದು."

"ಹಾಗಾದರೆ ನೀವು ಮೊದಲು ನೋಡುವಾಗಲೂ ಇದು ಇಲ್ಲಿ ಇತ್ತು."

"ಇತ್ತು."

"ನೋಡಿದ್ದೀರಾ?"

ದಮಯಂತಿ ಮಗಳ ಕಡೆ ಕಣ್ಣು ಮಾಡಿದಳು. ಮನೆಗೆ ಬಂದವರನ್ನು ಹೀಗಾ ಕೇಳುವುದು ಎನ್ನುವ ಕಣ್ಣು. ಆ ಕಣ್ಣಿನ ಹಿಂದೆ ಅಡಗಿಕೊಳ್ಳಬಹುದಿತ್ತು. ವಿಸ್ಮಿತಾಳಿಗೆ ತನ್ನ ಚೂಡಿದಾರದ ಒದ್ದೆ ಇನ್ನೂ ಆರಿಲ್ಲವೆಂದು ತಿಳಿಯಿತು. "ನೋಡಲಿಲ್ಲ," ಎಂದಳು. "ಚಿತ್ರ ಮಾತ್ರ ನೋಡಿದ್ದು. ಉಳಿದದ್ದೆಲ್ಲ ಬಾಯಿಗೆ ಬಂದದ್ದು ಹೇಳಿದೆ. ಹಾಸ್ಟೆಲು, ವಾರ್ಡನ್, ಯಾವುದೂ ಇಲ್ಲ. ಇವತ್ತೂ ನಿಮಗಾಗಿ ಹುಡುಕಿದ್ದಲ್ಲ, ಕ್ಲಾಸಿನಲ್ಲಿ ತೋರಿಸುವಾಗ ಬಂತು."

ದಮಯಂತಿ ಕೈ ಬಿಟ್ಟಳು. ಎಳೆದುಕೊಳ್ಳಲಿಲ್ಲ, ಪಾತ್ರೆಯನ್ನು ಕೆಳಗಿಡುವ ಹಾಗೆ ಬಿಟ್ಟಳು. "ಯಾಕೆ ಟೀಚರ್?" ಎಂದು ಕೇಳಿದಳು, ಸಿಟ್ಟಿನಿಂದಲ್ಲ. ನೀವು ಕೇಳುತ್ತಿದ್ದಿರಿ, ನನಗೆ ಹೇಳಲು ಖುಷಿಯಾಗುತ್ತಿತ್ತು ಎಂದು ಈ ಚಾಪೆಯ ಮೇಲೆ ಹೇಳುವುದು ಹೇಗೆ? ಹುಕ್ರಪ್ಪ ಒಂದೊಂದೇ ಕಾಗದವನ್ನು ಎತ್ತಿ ಸೀರೆಯಂಗಡಿಯ ಪ್ಲಾಸ್ಟಿಕ್ ಚೀಲದೊಳಗೆ ಸೇರಿಸತೊಡಗಿದ, ಕ್ರಮ ತಪ್ಪಿತೆಂದು ತೆಗೆದು ಮತ್ತೆ ಸೇರಿಸಿದ. ಒಳಗೆ ಅನ್ನ ಉಕ್ಕಿ ಒಲೆಗೆ ಚೆಲ್ಲಿದ ಸದ್ದಾಯಿತು. ದಮಯಂತಿ ಎದ್ದಳು. ಅಡಿಗೆಮನೆಯ ಬಾಗಿಲಲ್ಲಿ ನಿಂತು, ತಿರುಗದೆ, "ಎರಡೂವರೆಗೆ ಒಂದು ಬಸ್ಸು ಉಂಟು," ಎಂದಳು. ಊಟದ ಹೊತ್ತಿಗೆ ಬಂದವರಿಗೆ ಆ ಮನೆಯಲ್ಲಿ ಬಸ್ಸಿನ ಸಮಯ ಯಾರೂ ಹೇಳಿದ್ದಿರಲಿಕ್ಕಿಲ್ಲ.

ಭವ್ಯಶ್ರೀ ಚಪ್ಪಲಿ ಮೆಟ್ಟಿಕೊಂಡು ಜತೆಗೆ ಬಂದಳು. ಕಳುಹಿಸಿ ಕೊಡಲೆಂದು ಬಂದಳೆಂದುಕೊಂಡು ವಿಸ್ಮಿತಾ ಬೇಡ ಎಂದಳು. ಅವಳು ಮುಂದೆ ನಡೆದಳು. ಪೇಟೆಯ ಬಸ್‌ನಿಲ್ದಾಣದಲ್ಲಿ ಶನಿವಾರದ ಜನ, ಶಾಲೆ ಬಿಟ್ಟ ಮಕ್ಕಳು, ಬೀಡಿಯ ಕಟ್ಟು ಹಿಡಿದ ಇಬ್ಬರು ಹೆಂಗಸರು, ಗೂಡಂಗಡಿಯ ಶೇಷಪ್ಪ ಸೋಡಾ ಬಾಟಲಿ ಒರಸುತ್ತಿದ್ದ. "ಏನು ಭವ್ಯ ಟೀಚರ್, ಮೈಸೂರಿಗೆ ಯಾವಾಗ?" ಎಂದು ಕೂಗಿದ. "ಹೋಗುವುದಿಲ್ಲ ಶೇಷಪ್ಪಣ್ಣ," ಎಂದಳು ಭವ್ಯಶ್ರೀ, ಎಲ್ಲರಿಗೂ ಕೇಳುವ ಹಾಗೆ. ಎರಡು ತಲೆಗಳು ತಿರುಗಿದವು. ಅವಳ ಕಿವಿ ಕೆಂಪಾದದ್ದನ್ನು ವಿಸ್ಮಿತಾ ನೋಡಿದಳು. ತನ್ನ ನಾಚಿಕೆಯೊಂದೇ ದೊಡ್ಡದೆಂದು ಬೆಳಿಗ್ಗೆಯಿಂದ ಹೊತ್ತು ತಿರುಗಿದ್ದೆನಲ್ಲ ಎಂದುಕೊಂಡಳು. ಇವಳು ಊರೆಲ್ಲಕ್ಕೆ ಈ ಮಾತು ಹೇಳುತ್ತ ಹೋಗಬೇಕು, ಒಂದು ತಿಂಗಳು, ಒಂದು ಮಳೆಗಾಲ.

ಭವ್ಯಶ್ರೀ ಮೊಬೈಲಿನಲ್ಲಿ ಒಂದು ಹೆಸರು ತೆಗೆದಳು. "ಶಂಕರಿ ಮೇಡಂ. ನಮ್ಮ ಶಾಲೆಯ ಹೆಡ್‌ಮಿಸ್ಟ್ರೆಸ್. ನನ್ನ ಜಾಗಕ್ಕೆ ಇನ್ನೂ ಯಾರನ್ನೂ ತೆಗೆದುಕೊಳ್ಳಲಿಲ್ಲ ಅಂತ ನಿನ್ನೆವರೆಗೆ ಗೊತ್ತುಂಟು. ರಾಜೀನಾಮೆ ಕೊಡುವಾಗ ಅವರು ಕೇಳಿದ್ದರು, ಸರಿ ವಿಚಾರಿಸಿದ್ದೀಯಾ ಅಂತ. ಲೈಬ್ರರಿಯವರೇ ನೋಡಿ ಹೇಳಿದ್ದಾರೆ ಮೇಡಂ ಅಂತ ನಾನು ದೊಡ್ಡದಾಗಿ ಹೇಳಿ ಬಂದಿದ್ದೇನೆ." ಅವಳ ಹೆಬ್ಬೆರಳು ಪರದೆಯ ಮೇಲೆ ನಿಂತಿತು. "ಈಗ ನಾನು ಹೇಳಿದರೆ ನಂಬುವುದಿಲ್ಲ. ಇನ್ನೆಲ್ಲೋ ಸಿಗದೆ ವಾಪಸು ಬಂದಳು ಅಂತ ಎಣಿಸ್ತಾರೆ. ನೀವು ಹೇಳಿ."

"ನಾನು ಏನಂತ ಹೇಳುವುದು?"

"ನನಗೆ ಹೇಳಿದ್ದನ್ನೇ. ಬೇರೆ ಏನೂ ಸೇರಿಸಬೇಡಿ."

ಫೋನು ಕೈಗೆ ಬಂತು, ಆಗಲೇ ರಿಂಗಾಗುತ್ತಿತ್ತು. ತಿರುವಿನಲ್ಲಿ ಬಸ್ಸು ಕಾಣಿಸಿತು, ಜನ ಮುಂದೆ ಸರಿದರು, ಭವ್ಯಶ್ರೀ ಸರಿಯಲಿಲ್ಲ. ಅತ್ತ ಒಬ್ಬ ಹೆಂಗಸಿನ ದನಿ ಹಲೋ ಎಂದಿತು. ವಿಸ್ಮಿತಾ ತನ್ನ ಹೆಸರು ಹೇಳಿದಳು, ಕೆಲಸ ಹೇಳಿದಳು. ಆಮೇಲಿನದ್ದನ್ನು ತಗ್ಗಿದ ದನಿಯಲ್ಲಿ, ಬೀಡಿಯ ಹೆಂಗಸರ ಕಡೆಗೆ ಬೆನ್ನು ಮಾಡಿ ಹೇಳಿದಳು.

"ಸರಿ ಕೇಳುವುದಿಲ್ಲ," ಎಂದಿತು ದನಿ. "ಅಲ್ಲಿ ಗಲಾಟೆ ಉಂಟು. ಸ್ವಲ್ಪ ದೊಡ್ಡದಾಗಿ ಹೇಳಿ."

ಬಸ್ಸು ಬಂದು ನಿಂತು ಎಂಜಿನ್ ಗುರುಗುಟ್ಟಿತು. ನಿರ್ವಾಹಕ ಇವಳನ್ನೇ ನೋಡಿ ಕೈಬೀಸಿದ. ವಿಸ್ಮಿತಾ ಎಂಜಿನ್ನಿನ ಮೇಲೆ ಕೂಗಿದಳು. "ಭವ್ಯಶ್ರೀ ಕೆಲಸ ಬಿಟ್ಟದ್ದು ನನ್ನ ಮಾತು ಕೇಳಿ. ನಾನು ನೋಡಲಿಲ್ಲ ಮೇಡಂ. ನೋಡದೆ ಹೇಳಿದ್ದು." ಶೇಷಪ್ಪ ಬಾಟಲಿ ಒರಸುವುದನ್ನು ನಿಲ್ಲಿಸಿದ. ಶಾಲೆಯ ಮಕ್ಕಳು ಬಾಯಿ ಬಿಟ್ಟು ನೋಡುತ್ತಿದ್ದರು. ಅತ್ತ ಕಾಗದ ಮಗುಚಿದ ಸದ್ದು. ನಿರ್ವಾಹಕ ಎರಡು ಸಲ ಸೀಟಿ ಊದಿದ, ಬಸ್ಸು ಹೊರಟಿತು. ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದು ಅಲ್ಲೇ ನಿಂತಳು.

"ಲೈನಿನಲ್ಲಿ ಇದ್ದೀರಾ?" ಎಂದಿತು ದನಿ.

"ಇದ್ದೇನೆ," ಎಂದಳು.